ವಾಪಸ್ ಬರದ ಅಂಚೆ

ಸಿಂಧನೂರಿನ ಓದುಗರೊಬ್ಬರು, ನಿವೃತ್ತ ಬ್ಯಾಂಕ್ ಅಧಿಕಾರಿ, ಬರೆದಿದ್ದಾರೆ: "ಮನೆಯಲ್ಲೇ ಓದಿ ಪರೀಕ್ಷೆ ಕಟ್ಟುವ ಮುಕ್ತ ಶಾಲೆಗಳಿಗೆ ಆನ್‌ಲೈನ್ ಪಾಠ ಬರುತ್ತಿರುವುದಕ್ಕೆ ಹೋದ ಸಂಚಿಕೆಯಲ್ಲಿ ನೀವು ಗೊಣಗಿದ್ದು ಸರಿಯಲ್ಲ. ನಮ್ಮ ಮನೆಗೆಲಸದಾಕೆಯ ಮಗಳು ಹತ್ತನೇ ತರಗತಿಗೆ ಮುಕ್ತ ಶಾಲೆಯಲ್ಲಿ ಹೆಸರು ಹಚ್ಚಿದ್ದಾಳೆ. ಚಕ್ರಬಡ್ಡಿಯ ವಿಡಿಯೊವನ್ನು ನನ್ನ ಫೋನಿನಲ್ಲಿ ಮೂರು ಸಲ ನೋಡಿ 'ಪೂರಾ ತಿಳೀತ್ರಿ' ಅಂದಳು. ನಮ್ಮಂಥ ದೇಶಗಳಲ್ಲಿ ಇನ್ನೂ ಪುಸ್ತಕ ಅಚ್ಚು ಹಾಕಿಸುವುದು, ಕಲಿಕಾ ಕೇಂದ್ರ ನಡೆಸುವುದು ಅಂತ ದುಡ್ಡು ಸುರಿಯುವುದೇಕೆ? ಎಲ್ಲಾ ಮೊಬೈಲಿಗೆ ಹಾಕಿ ಮುಗಿಸಬಾರದೇ?"

ಸ್ವಾಮಿ, ಮೊಬೈಲಿನ ಪರ ವಾದ ಮಾಡಲು ಕೈಯಾರೆ ಬರೆದು, ಸ್ಟಾಂಪ್ ಹಚ್ಚಿ ಅಂಚೆಗೆ ಹಾಕಿದ್ದೀರಿ. ನನಗೆ ಇದಕ್ಕಿಂತ ಖುಷಿ ಕೊಟ್ಟ ಪತ್ರ ಈ ತಿಂಗಳು ಬಂದಿಲ್ಲ.

ನಿಮ್ಮ ಮಾತಲ್ಲಿ ಹುರುಳಿದೆ. 2018ರಲ್ಲಿ ಗ್ರಾಮೀಣ ಭಾರತದ ಶಾಲೆ ಮಕ್ಕಳಲ್ಲಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರು ಶೇ. 36.5. ಎರಡೇ ವರ್ಷದಲ್ಲಿ ಅದು 61.8 ಆಯಿತು ಅಂತ ಹಳ್ಳಿ ಮಕ್ಕಳ ಓದಿನ ಸಮೀಕ್ಷೆ ಮಾಡುವ ಅಸರ್ ವರದಿ ಹೇಳಿತು. ಪಾಠವನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ಮತ್ತೆ ನೋಡಬಹುದು. ಮೇಷ್ಟ್ರನ್ನು ಹಾಗೆ ತಿರುಗಿಸಲಾಗದು. ಒಪ್ಪಿದೆ.

ಆದರೆ ಪಾಠ ತಲುಪಿಸುವುದು ನಮಗೆ ಯಾವತ್ತೂ ಅಷ್ಟು ಕಷ್ಟದ ಕೆಲಸವಾಗಿರಲಿಲ್ಲ. ನಿಮ್ಮ ರಾಯಚೂರು ಜಿಲ್ಲೆಯನ್ನೇ ನೋಡಿ. 1975ರ ಆಗಸ್ಟ್‌ನಲ್ಲಿ ಆರು ರಾಜ್ಯಗಳ 2400 ಹಳ್ಳಿಗಳಿಗೆ ಉಪಗ್ರಹದಿಂದ ನೇರ ಟಿವಿ ಬಂತು. 'ಸೈಟ್' ಅಂತ ಅದರ ಹೆಸರು. ನಮ್ಮಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳಿಗೆ ಬಂದಿತ್ತು. ಕೋಳಿಗೂಡಿನ ತಂತಿ ಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಬುಟ್ಟಿಯಂಥ ಆಂಟೆನಾ, ಕೆಳಗೆ ಒಂದು ಟಿವಿ. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯದ ಮಾತು. ಆಗ ಬೆಂಗಳೂರಿನ ಮನೆಗಳಲ್ಲೇ ಟಿವಿ ಇರಲಿಲ್ಲ! ಉಪಗ್ರಹ ಅಮೆರಿಕದ್ದು, ಒಂದು ವರ್ಷಕ್ಕೆ ಎರವಲು ತಂದದ್ದು. ವರ್ಷ ಮುಗಿಯಿತು, ಪಾಠವೂ ನಿಂತಿತು. ಅದು ನಿಂತಿದ್ದಕ್ಕಿಂತ ನನ್ನನ್ನು ಕಾಡುವುದು ಬೇರೆಯೇ. ಆ ಮಕ್ಕಳು ಟಿವಿ ಮುಂದೆ ಕೈ ಎತ್ತಿದ್ದರೆ ಅದು ಯಾರಿಗೂ ಕಾಣುತ್ತಿರಲಿಲ್ಲ.

ದೂರಶಿಕ್ಷಣದಲ್ಲಿ ಹೋಗುವ ಅಂಚೆಗಿಂತ ವಾಪಸ್ ಬರುವ ಅಂಚೆ ಮುಖ್ಯ. ಇದು ನನ್ನ ಹಳೇ ಹಟ, ಮನೆಯವರಿಗೂ ಕೇಳಿ ಕೇಳಿ ಸಾಕಾಗಿದೆ.

ನಮ್ಮ ಚಿಕ್ಕಮ್ಮ ಮದುವೆಯಾದ ಮೇಲೆ ಅಂಚೆ ತೆರಪಿನ ಶಿಕ್ಷಣದಲ್ಲಿ ಬಿ.ಎ. ಓದಿದವಳು. ಮೈಸೂರು ವಿಶ್ವವಿದ್ಯಾಲಯ ಅದನ್ನು 1969ರಲ್ಲಿ ಶುರು ಮಾಡಿತ್ತು. ಕಂದು ಕವರಿನಲ್ಲಿ ಮಂದ ಕಾಗದದ ಪಾಠಗಳು ಬರುತ್ತಿದ್ದವು. ಅವುಗಳನ್ನು ಅವಳು ಎಷ್ಟು ಓದಿದಳೋ ಗೊತ್ತಿಲ್ಲ, ಒಲೆ ಮುಂದೆ ಇಟ್ಟುಕೊಂಡು ಎಣ್ಣೆ ಕಲೆ ಮಾಡಿದ್ದಂತೂ ನಿಜ. ಆದರೆ ಅವಳು ಬರೆದು ಕಳಿಸಿದ ಉತ್ತರ ಕೆಂಪು ಶಾಯಿಯಲ್ಲಿ ತಿದ್ದಿಸಿಕೊಂಡು ವಾಪಸ್ ಬಂದ ದಿನ ಮನೆಯಲ್ಲಿ ಯಾರೂ ಅವಳನ್ನು ಮಾತಾಡಿಸುವಂತಿರಲಿಲ್ಲ. ಒಂದು ಸಲ ಅಂಚಿನಲ್ಲಿ ಬರೆದಿತ್ತು: "ಇದು ಪುಸ್ತಕದ ಮಾತು. ನಿಮ್ಮ ಅಭಿಪ್ರಾಯ ಎಲ್ಲಿ?" ಚಿಕ್ಕಮ್ಮನ ಅಭಿಪ್ರಾಯ ಕೇಳಿದ ಮೊದಲ ಮನುಷ್ಯ ಆ ಮುಖ ಕಾಣದ ಮೇಷ್ಟ್ರೇ ಇರಬೇಕು. ಆ ಹಾಳೆ ಅವಳ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇನ್ನೂ ಇದೆ.

ದುಡ್ಡು ಪೋಲು ಅಂದಿರಲ್ಲ, ಇಂಡೋನೇಷ್ಯಾದವರನ್ನು ನೋಡಿ. ದ್ವೀಪ ದ್ವೀಪಕ್ಕೂ ಶಾಲೆ ಕಟ್ಟಲಾಗದೆ 1979ರಲ್ಲಿ ಅವರು ಮುಕ್ತ ಪ್ರೌಢಶಾಲೆ ಶುರು ಮಾಡಿದರು. ಹುಡುಗರು ಊರಲ್ಲೇ ಒಂದು ಜಾಗದಲ್ಲಿ ಕೂತು ಪಾಠದ ಪುಸ್ತಿಕೆ ಓದಬೇಕು. ಜೊತೆಗೆ 'ಗುರು ಪಮೊಂಗ್' ಅಂತ ಊರಿನವರೇ ಒಬ್ಬರು. ಅವರಿಗೆ ಬೀಜಗಣಿತ ಬರಲೇಬೇಕು ಅಂತಿಲ್ಲ. ಯಾರು ಬಂದರು, ಯಾರು ಬರಲಿಲ್ಲ, ಯಾರು ಎಲ್ಲಿ ತಡವರಿಸಿದರು ಅಂತ ನೋಡಿಕೊಂಡರೆ ಸಾಕು. ಬಿಡಿಸಲಾಗದ ಲೆಕ್ಕವನ್ನು ಹುಡುಗರು ಈ ಏರ್ಪಾಡು ನೋಡಿಕೊಳ್ಳುವ ಅಸಲಿ ಶಾಲೆಗೆ ಹೋದಾಗ ಅಲ್ಲಿನ ಮೇಷ್ಟ್ರ ಹತ್ತಿರ ಕೇಳುತ್ತಾರೆ. ಮೆಕ್ಸಿಕೋದವರು 1968ರಲ್ಲೇ ಹಳ್ಳಿಗಳಿಗೆ ಟಿವಿ ಪ್ರೌಢಶಾಲೆ ತಂದರು. ಅವರೂ ಟಿವಿಯನ್ನು ಒಂಟಿಯಾಗಿ ಬಿಡಲಿಲ್ಲ. ಕಾಲು ಗಂಟೆ ಟಿವಿ, ಉಳಿದ ಹೊತ್ತು ಪುಸ್ತಕ, ಎಲ್ಲಾ ವಿಷಯಕ್ಕೂ ಎದುರಿಗೆ ಒಬ್ಬ ಮೇಷ್ಟ್ರು. ಇವತ್ತಿಗೂ ಹತ್ತು ಲಕ್ಷಕ್ಕಿಂತ ಜಾಸ್ತಿ ಮಕ್ಕಳು ಆ ಶಾಲೆಗಳಲ್ಲಿ ಓದುತ್ತಿದ್ದಾರೆ.

ನಮ್ಮ ರಾಷ್ಟ್ರೀಯ ಮುಕ್ತ ಶಾಲೆಯೂ ದಡ್ಡರು ಕಟ್ಟಿದ್ದಲ್ಲ. 1979ರಲ್ಲಿ ಸಿಬಿಎಸ್‌ಇಯ ಒಂದು ಪ್ರಯೋಗವಾಗಿ ಹುಟ್ಟಿದ್ದು, 1989ರಲ್ಲಿ ಸ್ವತಂತ್ರವಾಯಿತು. ಐದು ವರ್ಷದಲ್ಲಿ ಒಂಬತ್ತು ಸಲ ಪರೀಕ್ಷೆ ಬರೆಯಬಹುದು. ಫೇಲಾದ ಮಗುವಿನ ಮೇಲೆ ಇಷ್ಟು ಕರುಣೆ ಇರುವ ಇನ್ನೊಂದು ನಿಯಮ ನಾನು ನೋಡಿಲ್ಲ. ಅಲ್ಲೇ 'ಟಿಎಂಎ' ಅಂತ ಇದೆ, ಟ್ಯೂಟರ್ ಮಾರ್ಕ್ಡ್ ಅಸೈನ್ಮೆಂಟ್. ಬರೆದು ಕೊಡಬೇಕು, ಮೇಷ್ಟ್ರು ತಿದ್ದಬೇಕು. ನನ್ನ ಪ್ರಕಾರ ಇಡೀ ವ್ಯವಸ್ಥೆಯ ಜೀವ ಇರುವುದು ಅಲ್ಲಿ. ಈಗ ಅದನ್ನು ಆನ್‌ಲೈನ್‌ನಲ್ಲಿ ಏರಿಸುತ್ತಾರೆ. 'ಸಾಲ್ವ್ಡ್ ಟಿಎಂಎ' ಅಂತ ನಿಮ್ಮ ಫೋನಿನಲ್ಲೇ ಹುಡುಕಿ ನೋಡಿ. ಬರೆದಿಟ್ಟ ಉತ್ತರ ಮಾರುವ ಅಂಗಡಿಗಳೇ ತೆರೆದುಕೊಳ್ಳುತ್ತವೆ. ಕೊಂಡು ತಂದದ್ದನ್ನು ತಿದ್ದಿ ಯಾರಿಗೇನು ಲಾಭ?

ಬರೀ ಶಾಲೆಯ ಕಥೆಯೂ ಅಲ್ಲ ಇದು. ಮೊನ್ನೆ ಒಂದು ಕಚೇರಿಯಿಂದ ಇಮೇಲ್ ಬಂತು. ನನ್ನ ಹೆಸರೇ ತಪ್ಪಾಗಿತ್ತು. ಸರಿ ಮಾಡಿ ಅಂತ ಬರೆಯಲು ಹೋದರೆ ಕೆಳಗೆ "ಈ ವಿಳಾಸಕ್ಕೆ ಉತ್ತರಿಸಬೇಡಿ" ಅಂತಿದೆ. ಫೋನ್ ಮಾಡಿದೆ. ಒಂದು ಒತ್ತಿ, ಎರಡು ಒತ್ತಿ, ಕೊನೆಗೆ ಸಂಗೀತ. ನಮ್ಮ ಪತ್ರಿಕೆಯೇನು ಕಮ್ಮಿಯಿಲ್ಲ. ಮೊದಲು ಓದುಗರು ಬೈದಾದರೂ ನಾಲ್ಕು ಸಾಲು ಬರೆಯುತ್ತಿದ್ದರು. ಈಗ ಹೆಬ್ಬೆಟ್ಟಿನ ಚಿತ್ರ ಕಳಿಸುತ್ತಾರೆ. ಸಾಕ್ಷರತೆಗೆ ಇಷ್ಟೆಲ್ಲಾ ಒದ್ದಾಡಿ ಮತ್ತೆ ಹೆಬ್ಬೆಟ್ಟಿಗೇ ಬಂದೆವಲ್ಲ ಸ್ವಾಮಿ!

ಈಗ ನಿಮ್ಮ ಪತ್ರದ ಹಿಂಬದಿಗೆ ಬರುತ್ತೇನೆ. ಕಾಗದ ಉಳಿಸಲು ಆ ಹುಡುಗಿಯ ಹಳೇ ಹಾಳೆಯ ಮೇಲೆ ಬರೆದಿದ್ದೀರಿ ಅಂತ ಕಾಣುತ್ತದೆ. ಅದರಲ್ಲಿ ಅವಳ ಲೆಕ್ಕ ಇದೆ. 4000 ರೂಪಾಯಿಗೆ ಶೇ. 5ರಂತೆ ಎರಡು ವರ್ಷದ ಚಕ್ರಬಡ್ಡಿ. ಮುದ್ದಾದ ಅಕ್ಷರದಲ್ಲಿ 400 ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ಎರಡನೇ ವರ್ಷಕ್ಕೆ ಅಸಲು 4200 ಆಗಬೇಕಿತ್ತು. ಮೊದಲ ವರ್ಷದ 200 ಸೇರಿಸುವುದನ್ನು ಮರೆತಿದ್ದಾಳೆ. ಉತ್ತರ 410. ವಿಡಿಯೊಗೆ ಅದು ಗೊತ್ತಾಗಲಿಲ್ಲ, ಬಿಡಿ. ಬ್ಯಾಂಕಿನಲ್ಲಿ ಜನ್ಮ ಸವೆಸಿದ ನೀವೂ ಹಾಳೆ ತಿರುಗಿಸಿ ನೋಡಲಿಲ್ಲವಲ್ಲ!

ಕೆಂಪು ಶಾಯಿಯಲ್ಲಿ ತಿದ್ದಿ ಹಾಳೆಯನ್ನು ನಿಮ್ಮ ವಿಳಾಸಕ್ಕೆ ವಾಪಸ್ ಕಳಿಸಿದ್ದೇನೆ. ಅವಳ ಕೈಗೇ ಕೊಡಿ. ಅಂಚಿನಲ್ಲಿ ಇನ್ನೊಂದು ಲೆಕ್ಕ ಹಾಕಿದ್ದೇನೆ, ಮೂರು ವರ್ಷದ್ದು. ಬಿಡಿಸಿ ಕಳಿಸಲು ಹೇಳಿ. ಸ್ಟಾಂಪ್ ಹಚ್ಚಿದ ಕವರು ಒಳಗೇ ಇದೆ.

— ಸಂಪಾದಕ