ರೋಬ್ಲಾಕ್ಸ್‌ನಲ್ಲಿ ‘ಪೆಂಡಿಂಗ್ ರೋಬಕ್ಸ್’ ಅಂತ ತೋರಿಸುತ್ತಿದೆ, ಬ್ಯಾಲೆನ್ಸ್‌ಗೆ ಬರೋದು ಯಾವಾಗ?

ನೀವು ಕೇಳಿರುವುದು ಇಷ್ಟು: ರೋಬ್ಲಾಕ್ಸ್ ಎಂಬ ಆಟಗಳ ವೇದಿಕೆಯಲ್ಲಿ ನೀವು ಮಾಡಿದ ಆಟಕ್ಕೆ 100 ರೋಬಕ್ಸ್ (ಅಲ್ಲಿನ ನಾಣ್ಯ) ಬೆಲೆ ಇಟ್ಟ ಗೇಮ್ ಪಾಸನ್ನು (ಆಟಗಾರರು ಒಮ್ಮೆ ಕೊಳ್ಳುವ ಸೌಲಭ್ಯ) ಐದು ಜನ ಕೊಂಡಿದ್ದಾರೆ, 500 ಬರಬೇಕಿತ್ತು, ಬ್ಯಾಲೆನ್ಸ್ ಅಲ್ಲಾಡಿಲ್ಲ, ಪೆಂಡಿಂಗ್ ಎಂಬಲ್ಲಿ 350 ಇದೆ. ಇಲ್ಲಿರುವುದು ಎರಡು ಪ್ರಶ್ನೆ. 150 ಎಲ್ಲಿ ಹೋಯಿತು ಅನ್ನೋದು ಒಂದು, 350 ಯಾವಾಗ ಬರುತ್ತೆ ಅನ್ನೋದು ಇನ್ನೊಂದು.

ಮೊದಲನೆಯದು ಸುಲಭ. ಗೇಮ್ ಪಾಸ್ ಇರಲಿ, ಆಟದೊಳಗೆ ಮತ್ತೆ ಮತ್ತೆ ಕೊಳ್ಳಬಹುದಾದ ಡೆವಲಪರ್ ಪ್ರಾಡಕ್ಟ್ ಇರಲಿ, ಪ್ರತಿ ಮಾರಾಟದಲ್ಲೂ ರೋಬ್ಲಾಕ್ಸ್ 30% ಹಿಡಿದುಕೊಳ್ಳುತ್ತದೆ, ನಿಮಗೆ 70% ಸಿಗುತ್ತದೆ. 100ಕ್ಕೆ 70, ಐದು ಮಾರಾಟಕ್ಕೆ 350. ಪೆಂಡಿಂಗ್‌ನಲ್ಲಿ ಕಾಣುವುದು ಈ ಕಡಿತ ಆದ ಮೇಲಿನ ಮೊತ್ತ, ಅದರಿಂದ ಮತ್ತೆ ಏನೂ ಹೋಗುವುದಿಲ್ಲ. ಯಾರಾದರೂ ಗೆಳೆಯರು ‘ಪಾಸ್ ಮಾಡು, 1000 ಕೊಡ್ತೀನಿ’ ಅಂದರೆ ಬೆಲೆಯನ್ನು 1000 ಇಡಬೇಡಿ, 700 ಮಾತ್ರ ಬರುತ್ತದೆ. ಕೈಗೆ 1000 ಸೇರಬೇಕಾದರೆ 1429 ಇಡಬೇಕು. ಬೇಕಾದ ಮೊತ್ತವನ್ನು 0.7ರಿಂದ ಭಾಗಿಸಿ, ಭಿನ್ನಾಂಕ ಉಳಿದರೆ ಮುಂದಿನ ಪೂರ್ಣಾಂಕ ತೆಗೆದುಕೊಂಡರೆ ಸಾಕು. ಟೋಪಿ, ಕೂದಲಿನಂಥ ಅವತಾರ್ ಸಾಮಗ್ರಿಗಳ ಪಾಲು ಬೇರೆ ಥರ ಹಂಚಿಕೆಯಾಗುತ್ತದೆ, ಅಲ್ಲಿಗೆ ಈ 70%ರ ಲೆಕ್ಕ ಹಾಕಬೇಡಿ. ಇನ್ನೊಂದು ವಿಷಯ: ಪಾಸಿಗೆ ಪ್ರದೇಶವಾರು ಬೆಲೆ ಆನ್ ಆಗಿದ್ದರೆ ಕೆಲವು ದೇಶಗಳ ಆಟಗಾರರಿಗೆ ನೀವು ಇಟ್ಟಿದ್ದಕ್ಕಿಂತ ಕಡಿಮೆ ಬೆಲೆ ಕಾಣುತ್ತದೆ, ನಿಮ್ಮ ಪಾಲೂ ಅಷ್ಟಕ್ಕೇ ತಕ್ಕಂತೆ ಇಳಿಯುತ್ತದೆ. ‘ಐದು ಪಾಸ್ ಹೋದರೂ 350 ಬರಲಿಲ್ಲ’ ಅನ್ನುವವರು ಮೊದಲು ಈ ಸೆಟ್ಟಿಂಗ್ ನೋಡಲಿ.

ಈಗ ಕಾಯುವ ವಿಷಯ. ಬ್ಯಾಂಕಿಗೆ ಚೆಕ್ ಹಾಕಿದರೆ ಕ್ಲಿಯರ್ ಆಗುವವರೆಗೆ ಅದು ನಿಮ್ಮ ಹಣವಲ್ಲವಲ್ಲ, ಪೆಂಡಿಂಗ್ ಕೂಡ ಅದೇ. ಕದ್ದ ಕಾರ್ಡಿನಲ್ಲಿ ರೋಬಕ್ಸ್ ಕೊಂಡು, ತಮ್ಮದೇ ಇನ್ನೊಂದು ಖಾತೆಯ ಪಾಸಿಗೆ ಸುರಿದು, ಅಲ್ಲಿಂದ ಹೊರಗೆ ಸಾಗಿಸುವವರಿದ್ದಾರೆ. ಮಗು ಅಮ್ಮನ ಫೋನಿನಲ್ಲಿ ಕೊಂಡು, ಅಮ್ಮ ಆಪ್ ಸ್ಟೋರ್‌ನಿಂದ ಹಣ ವಾಪಸ್ ಪಡೆಯುವುದೂ ನಡೆಯುತ್ತದೆ. ಅಂಥ ಖರೀದಿ ರದ್ದಾಗುವ ಹೊತ್ತಿಗೆ ಆ ರೋಬಕ್ಸ್ ನಿಮ್ಮಿಂದ ಖರ್ಚಾಗಿಬಿಟ್ಟಿದ್ದರೆ ನಷ್ಟ ಕಂಪನಿಯ ತಲೆಗೆ. ಹಾಗಾಗಿ ಅವಧಿ ಮುಗಿಯುವವರೆಗೆ ತಡೆದಿಡುತ್ತಾರೆ. ಇದು ನಿಮ್ಮ ಮೇಲಿನ ಅನುಮಾನವಲ್ಲ, ದೊಡ್ಡ ಸ್ಟುಡಿಯೋಗಳಿಗೂ ಇದೇ ನಿಯಮ.

ಎಷ್ಟು ದಿನ? ಕೆಲವು ಮಾರಾಟ ಒಂದು ವಾರದೊಳಗೇ ಬರುತ್ತವೆ, ಕೆಲವು ಎರಡು ಮೂರು ವಾರ ಎಳೆಯುತ್ತವೆ. ಒಂದು ತಿಂಗಳು ಅಂತ ಮನಸ್ಸಿನಲ್ಲಿಟ್ಟುಕೊಂಡರೆ ನಿರಾಸೆ ಆಗುವುದಿಲ್ಲ. ‘ಸರಿಯಾಗಿ 3 ದಿನ’ ಎಂದು ಹಳೆಯ ವೀಡಿಯೋಗಳಲ್ಲಿ ಹೇಳುವುದನ್ನು ನಂಬಿ ಯಾರಿಗೂ ಮಾತು ಕೊಡಬೇಡಿ.

ಹೆಚ್ಚು ಜನ ಎಡವುವುದು ಇಲ್ಲಿ: ಪೆಂಡಿಂಗ್ ಸಂಖ್ಯೆ ಒಂದೇ ಗಂಟಾಗಿ ಒಂದೇ ದಿನ ಬಿಡುಗಡೆಯಾಗುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಪ್ರತಿ ಮಾರಾಟಕ್ಕೂ ಅದರದೇ ಗಡುವು. ಸೋಮವಾರದ ಪಾಸ್ ಬಿಡುಗಡೆಯಾದಾಗ ಗುರುವಾರದ್ದು ಇನ್ನೂ ಕಾಯುತ್ತಿರುತ್ತದೆ. ದಿನವೂ ಅಷ್ಟಿಷ್ಟು ಮಾರಾಟವಾಗುವವರಿಗೆ ಪೆಂಡಿಂಗ್ ಯಾವತ್ತೂ ಸೊನ್ನೆಗೆ ಇಳಿಯುವುದೇ ಇಲ್ಲ. ಒಂದು ಕಡೆ ಹಳೆಯದು ಹೊರಗೆ ಹೋದಷ್ಟೇ ಹೊಸದು ಒಳಗೆ ಬರುತ್ತಿರುತ್ತದೆ. ‘ಎರಡು ವಾರದಿಂದ 350ರಲ್ಲೇ ನಿಂತಿದೆ’ ಎಂಬ ದೂರುಗಳಲ್ಲಿ ಬಹುಪಾಲು ಇದೇ. ಪರೀಕ್ಷೆ ಮಾಡುವುದು ಹೀಗೆ: ದಿನಾ ಒಂದೇ ಹೊತ್ತಿಗೆ ಬ್ಯಾಲೆನ್ಸ್, ಪೆಂಡಿಂಗ್ ಎರಡನ್ನೂ ಬರೆದಿಡಿ. ನಿನ್ನೆಯ ಪೆಂಡಿಂಗ್‌ಗೆ ಇವತ್ತಿನ ಹೊಸ ಮಾರಾಟದ ನಿಮ್ಮ ಪಾಲು ಕೂಡಿಸಿ, ಇವತ್ತಿನ ಪೆಂಡಿಂಗ್ ಕಳೆಯಿರಿ. ಉಳಿದದ್ದು ಬಿಡುಗಡೆಯಾದ ಮೊತ್ತ. ನಿನ್ನೆ 350, ಇವತ್ತು ಒಂದು ಪಾಸ್ ಮಾರಿ 70 ಸೇರಿತು, ಆದರೂ ಪೆಂಡಿಂಗ್ 350 ಎಂದೇ ಇದ್ದರೆ 70 ಬ್ಯಾಲೆನ್ಸ್‌ಗೆ ಇಳಿದಿದೆ ಎಂದರ್ಥ. ಬ್ಯಾಲೆನ್ಸ್ ಅಷ್ಟು ಏರಿರದಿದ್ದರೆ ಆಗ ಮಾತ್ರ ತಲೆ ಕೆಡಿಸಿಕೊಳ್ಳಿ.

ನೋಡುವ ಜಾಗ: ಬ್ರೌಸರ್‌ನಲ್ಲಿ ಲಾಗಿನ್ ಆಗಿ, ಮೇಲ್ಗಡೆಯ ರೋಬಕ್ಸ್ ಚಿಹ್ನೆ ಒತ್ತಿ, ಮೈ ಟ್ರಾನ್ಸಾಕ್ಷನ್ಸ್ ಪುಟಕ್ಕೆ ಹೋಗಿ. ಸಾರಾಂಶದಲ್ಲಿ ಪೆಂಡಿಂಗ್ ರೋಬಕ್ಸ್ ಎಂಬ ಸಾಲಿದೆ. ಅಲ್ಲೇ ಅವಧಿ ಆರಿಸುವ ಪಟ್ಟಿಯೂ ಇದೆ: ಕಳೆದ ದಿನ, ವಾರ, ತಿಂಗಳು, ವರ್ಷ. ದಿನಕ್ಕೆ ಇಟ್ಟುಕೊಂಡು ಹೋದ ವಾರದ ಮಾರಾಟ ಹುಡುಕಿದರೆ ಸಿಗುವುದಿಲ್ಲ, ತಿಂಗಳಿಗೆ ಬದಲಿಸಿ. ಒಂದೊಂದೇ ಮಾರಾಟ ನೋಡಲು ಸೇಲ್ಸ್ ಆಫ್ ಗೂಡ್ಸ್ ಆರಿಸಿ. ಮಾರಾಟ ಅಲ್ಲಿ ಮೊದಲೇ ದಾಖಲಾಗುತ್ತದೆ, ರೋಬಕ್ಸ್ ಕೈಗೆ ಬರುವುದು ಆಮೇಲೆ. ನಿಮ್ಮ ಗೊಂದಲ ಹುಟ್ಟಿದ್ದೇ ಅಲ್ಲಿಂದ.

ಪೆಂಡಿಂಗ್‌ನಲ್ಲೂ ಇಲ್ಲ, ಬ್ಯಾಲೆನ್ಸ್‌ನಲ್ಲೂ ಇಲ್ಲ ಅಂದರೆ ಆಟ ಅಥವಾ ಪಾಸ್ ಯಾರ ಹೆಸರಿನಲ್ಲಿದೆ ನೋಡಿ. ಗ್ರೂಪಿನ (ಈಗ ಕಮ್ಯೂನಿಟಿ ಅನ್ನುತ್ತಾರೆ) ಹೆಸರಿನಲ್ಲಿ ಆಟ ಪ್ರಕಟಿಸಿದ್ದರೆ ಗಳಿಕೆ ಗ್ರೂಪಿನ ನಿಧಿಗೆ ಹೋಗುತ್ತದೆ, ಪೆಂಡಿಂಗ್ ಕೂಡ ಗ್ರೂಪಿನ ರೆವೆನ್ಯೂ ಪುಟದಲ್ಲೇ ಇರುತ್ತದೆ. ಅದು ಅಲ್ಲಿ ಬಿಡುಗಡೆಯಾದ ಮೇಲೆ ಮಾಲೀಕರು ಪೇಔಟ್ ಮಾಡಬೇಕು, ಅಂದರೆ ನಿಧಿಯಿಂದ ಸದಸ್ಯರಿಗೆ ಕೊಡಬೇಕು. ಹೊಸದಾಗಿ ಸೇರಿದ ಸದಸ್ಯರಿಗೆ 14 ದಿನ ಆಗುವವರೆಗೆ ಪೇಔಟ್ ಕೊಡಲು ಬರುವುದಿಲ್ಲ. ಜೊತೆಗಾರರನ್ನು ಕೆಲಸಕ್ಕೆ ಹಚ್ಚುವ ದಿನವೇ ಗ್ರೂಪಿಗೂ ಸೇರಿಸಿಬಿಡಿ.

ಡೆವಲಪರ್ ಪ್ರಾಡಕ್ಟ್ ಆದರೆ ಇನ್ನೊಂದು ತೊಡಕಿದೆ, ಇದು ಪೂರ್ತಿ ನಿಮ್ಮ ಸ್ಕ್ರಿಪ್ಟಿನ ಕೈಯಲ್ಲಿರುವುದು. ಪ್ರೊಸೆಸ್‌ರಿಸೀಟ್ ಕಾಲ್‌ಬ್ಯಾಕ್ (ಖರೀದಿಯ ರಸೀದಿ ಬಂದಾಗ ಓಡುವ ನಿಮ್ಮ ಕೋಡ್) ಪರ್ಚೇಸ್‌ಗ್ರಾಂಟೆಡ್ ಎಂದು ಹಿಂತಿರುಗಿಸದಿದ್ದರೆ ಖರೀದಿ ಪೂರ್ಣವಾಯಿತೆಂದು ದಾಖಲಾಗುವುದಿಲ್ಲ. ಆಟಗಾರ ಮತ್ತೆ ಆಟಕ್ಕೆ ಬಂದಾಗ ಅದೇ ರಸೀದಿ ಮತ್ತೊಮ್ಮೆ ಬರುತ್ತದೆ. ಈ ಕಾಲ್‌ಬ್ಯಾಕನ್ನು ಇಡೀ ಆಟದಲ್ಲಿ ಒಂದೇ ಸರ್ವರ್ ಸ್ಕ್ರಿಪ್ಟಿನಲ್ಲಿ, ಒಂದೇ ಸಲ ಹೊಂದಿಸಬೇಕು. ಎರಡನೇ ಸ್ಕ್ರಿಪ್ಟ್ ಹೊಂದಿಸಿದರೆ ಮೊದಲನೆಯದನ್ನು ಅಳಿಸಿಹಾಕುತ್ತದೆ. ಎಲ್ಲಿಂದಲೋ ತಂದ ಡೊನೇಶನ್ ಮಾಡೆಲ್ ಸೇರಿಸಿದ ಮೇಲೆ ಅಂಗಡಿ ಕೆಟ್ಟಿದ್ದರೆ ಮೊದಲು ಇದನ್ನೇ ಹುಡುಕಿ. ಗೇಮ್ ಪಾಸಿಗೆ ಈ ರಗಳೆ ಇಲ್ಲ.

ಪ್ರೀಮಿಯಂ (ರೋಬ್ಲಾಕ್ಸ್‌ನ ತಿಂಗಳ ಚಂದಾ) ಇರುವ ಜನ ನಿಮ್ಮ ಆಟದಲ್ಲಿ ಕಳೆಯುವ ಸಮಯಕ್ಕೆ ಸಿಗುತ್ತಿದ್ದ ಪ್ರೀಮಿಯಂ ಪೇಔಟ್ ಜಾಗಕ್ಕೆ 2025ರ ಜುಲೈನಲ್ಲಿ ಕ್ರಿಯೇಟರ್ ರಿವಾರ್ಡ್ಸ್ ಬಂತು. ಅದರ ಲೆಕ್ಕವೇ ಬೇರೆ, ಪಾಸ್ ಮಾರಾಟದ ಜೊತೆ ಬೆರೆಸಬೇಡಿ.

ಪೆಂಡಿಂಗ್ ಬೇಗ ಬಿಡಿಸುವ ದಾರಿ ಇಲ್ಲ. ಪ್ರೀಮಿಯಂ ಕೊಂಡರೂ ಇಲ್ಲ, ಪಾಸ್ ಅಳಿಸಿ ಹೊಸದು ಮಾಡಿದರೂ ಇಲ್ಲ. ‘ರಿಲೀಸ್ ಮಾಡಿಕೊಡ್ತೀವಿ’ ಅನ್ನುವ ಎಕ್ಸ್‌ಟೆನ್ಷನ್, ಡಿಸ್ಕಾರ್ಡ್ ಬಾಟ್, ಬ್ರೌಸರ್ ಕನ್ಸೋಲಿನಲ್ಲಿ ಅಂಟಿಸು ಅನ್ನುವ ಕೋಡ್, ಇವೆಲ್ಲ ನಿಮ್ಮ ಲಾಗಿನ್ ಕುಕ್ಕಿ ಕದಿಯುವ ಆಟ. ಆ ಕುಕ್ಕಿ ಕೈಗೆ ಸಿಕ್ಕರೆ ಪಾಸ್‌ವರ್ಡ್ ಇಲ್ಲದೆಯೂ ಖಾತೆಗೆ ನುಗ್ಗಬಹುದು. ಈಗಾಗಲೇ ಅಂಟಿಸಿಬಿಟ್ಟಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಎಲ್ಲ ಸೆಷನ್‌ಗಳಿಂದ ಲಾಗೌಟ್ ಆಗಿ, ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ ಹಾಕಿ.

ಹಣವಾಗಿಸುವ ಯೋಚನೆ ಇದ್ದರೆ ಒಂದು ಮಾತು. ಗಳಿಸಿದ ರೋಬಕ್ಸನ್ನು ರೋಬ್ಲಾಕ್ಸ್ ಡಾಲರಿಗೆ ಬದಲಿಸಿಕೊಡುವ ಡೆವ್‌ಎಕ್ಸ್‌ಗೆ ವಯಸ್ಸು ಕನಿಷ್ಠ 13, ಗಳಿಸಿದ ರೋಬಕ್ಸ್ ಕನಿಷ್ಠ 30,000 ಇರಬೇಕು. ಪೆಂಡಿಂಗ್‌ನಲ್ಲಿರುವುದನ್ನು ಸೇರಿಸಿ ಎಣಿಸಬೇಡಿ, ನೀವು ಕೊಂಡ ರೋಬಕ್ಸನ್ನೂ ಎಣಿಸಬೇಡಿ. 70%ರ ಲೆಕ್ಕದಲ್ಲಿ ಅಷ್ಟು ಗಳಿಸಲು 42,858 ರೋಬಕ್ಸ್ ಮಾರಾಟ ಆಗಬೇಕು. 2025ರ ಸೆಪ್ಟೆಂಬರ್ 5ರಿಂದ ದರ ರೋಬಕ್ಸ್‌ಗೆ 0.0038 ಡಾಲರ್, ಅಂದರೆ 30,000ಕ್ಕೆ 114 ಡಾಲರ್. ಅದಕ್ಕೆ ಮುಂಚೆ 105 ಆಗುತ್ತಿತ್ತು. 350 ರೋಬಕ್ಸ್ ಗಳಿಸಿದವರಿಗೆ ಇದು ದೂರದ ಮಾತು, ಸದ್ಯಕ್ಕೆ ಅದನ್ನು ಜಾಹೀರಾತಿಗೋ ನಿಮ್ಮ ಆಟದ ಬೇರೆ ಕೆಲಸಕ್ಕೋ ಬಳಸುವುದೇ ಜಾಣತನ ಅಂತ ನನಗನ್ನಿಸುತ್ತದೆ.

ಕೊನೆಯ ಮಾರಾಟವಾಗಿ 30 ದಿನ ದಾಟಿದ ಮೇಲೂ ಪೆಂಡಿಂಗ್ ಕರಗದೆ ನಿಂತಿದ್ದರೆ ಸಪೋರ್ಟ್‌ಗೆ ಬರೆಯಿರಿ. ಪಾಸಿನ ಐಡಿ, ಮಾರಾಟದ ದಿನಾಂಕ, ಟ್ರಾನ್ಸಾಕ್ಷನ್ ಪುಟದ ಚಿತ್ರ, ನೀವು ಬರೆದಿಟ್ಟ ದಿನವಾರು ಸಂಖ್ಯೆಗಳು, ಇಷ್ಟನ್ನು ಒಂದೇ ಟಿಕೆಟ್‌ನಲ್ಲಿ ಕಳಿಸಿ. ಅದಕ್ಕೂ ಮೊದಲು ಬರೆದರೆ ಕಾಯಿರಿ ಅಂತಲೇ ಉತ್ತರ ಬರುತ್ತದೆ.