ಹಡಗಿನ ಊಟದ ಹಾಲ್‌ಗೆ ಪಂಚೆ ನಡೆಯುತ್ತಾ?

(ಉತ್ತರಿಸುವವರು 11 ವರ್ಷ ಪ್ರವಾಸಿ ಹಡಗುಗಳ ಊಟದ ಹಾಲ್‌ನಲ್ಲಿ ಕೆಲಸ ಮಾಡಿದವರು. ಈಗ ಚಿಕ್ಕಮಗಳೂರು ಬಳಿ ತೋಟ ನೋಡಿಕೊಂಡಿದ್ದಾರೆ.)

ಪ್ರಶ್ನೆ: ಲಂಡನ್ನಿನಲ್ಲಿರುವ ಮಗ ನನಗೂ ನಮ್ಮ ಯಜಮಾನರಿಗೂ ಬಾರ್ಸಿಲೋನಾದಿಂದ ಹೊರಡುವ 7 ರಾತ್ರಿಯ ಕ್ರೂಸ್ ಬುಕ್ ಮಾಡಿದ್ದಾನೆ. ಲಂಡನ್ನಿಂದ ಬಾರ್ಸಿಲೋನಾಕ್ಕೆ ಅಗ್ಗದ ವಿಮಾನವಂತೆ. ತಲಾ ಒಂದು ಸಣ್ಣ ಬ್ಯಾಗ್ ಮಾತ್ರ ಅಂತಾನೆ. ಟಿಕೆಟ್ ಜೊತೆ ಬಂದ ಕಾಗದದಲ್ಲಿ ಎರಡು ದಿನ 'ಫಾರ್ಮಲ್ ನೈಟ್' ಅಂತ ಬರೆದಿದೆ. ಇವರು ಮೇಷ್ಟ್ರಾಗಿ ನಿವೃತ್ತರಾದವರು. ಕೋಟು ಹಾಕಿದ್ದು ಮದುವೆಯ ದಿನ ಒಂದೇ. ಅದು ಈಗ ಹೊಟ್ಟೆಗೆ ಹತ್ತುವುದಿಲ್ಲ. ಸಮಾರಂಭ ಅಂದ್ರೆ ರೇಷ್ಮೆ ಪಂಚೆ, ಶಲ್ಯ. ಹಾಗೇ ಹೋದರೆ ಒಳಗೆ ಬಿಡ್ತಾರಾ? ಬೆಂಗಳೂರಿನ ಮಾಲ್‌ನಲ್ಲಿ ಆದದ್ದನ್ನು ಓದಿದ ಮೇಲೆ ನನಗೆ ಭಯ. ನಾನು ಎಷ್ಟು ಸೀರೆ ಇಟ್ಟುಕೊಳ್ಳಲಿ?
– ಓದುಗರೊಬ್ಬರು, ಹಾಸನ

ಉತ್ತರ: ಅಕ್ಕಾ, ನಿಮ್ಮ ಪತ್ರ ಓದಿ ನಗು ಬಂತು. ನೀವು ಹೆದರುತ್ತಿರುವ ಆ ಬಾಗಿಲಲ್ಲಿ ವರ್ಷಗಟ್ಟಲೆ ನಿಂತವನು ನಾನೇ. ಕಪ್ಪು ಬೋ ಟೈ, ಬಿಳಿ ಅಂಗಿ, ಕಾಲು ನೋಯುತ್ತಿದ್ದರೂ ಮುಖದಲ್ಲಿ ನಗು. ಆ ಬೋ ಟೈ ಕಟ್ಟೋದು ನನಗೆ ಕೊನೆವರೆಗೂ ಬರಲಿಲ್ಲ. ಹಿಂದೆ ಕೊಕ್ಕೆ ಇರುವ ರೆಡಿಮೇಡ್ ಟೈ ಹಾಕಿಕೊಂಡೇ ನೌಕರಿ ಮುಗಿಸಿದೆ. ಯಾರೂ ಕಂಡುಹಿಡಿಯಲಿಲ್ಲ.

ಮೊದಲು ಪಂಚೆಯ ವಿಷಯ. ನಡೆಯುತ್ತದೆ. ಉಡುಪಿನ ವಿಷಯದಲ್ಲಿ ಬಲು ಕಟ್ಟುನಿಟ್ಟು ಅನ್ನಿಸಿಕೊಂಡ ಕ್ಯೂನಾರ್ಡ್ ಹಡಗು ಕಂಪನಿಯವರೇ ತಮ್ಮ ಗಾಲಾ ಸಂಜೆಗಳಿಗೆ (ಫಾರ್ಮಲ್ ನೈಟಿಗೆ ಅವರಲ್ಲಿ ಆ ಹೆಸರು) ಅವರವರ ದೇಶದ ಸಮಾರಂಭದ ಉಡುಪು ಆಗಬಹುದು ಅನ್ನುತ್ತಾರೆ. ಸ್ಕಾಟ್ಲೆಂಡಿನ ಗಂಡಸರು ಕಿಲ್ಟ್ ತೊಟ್ಟು ಬರುತ್ತಾರೆ. ಚೌಕಳಿ ಲಂಗದ ಹಾಗಿರುತ್ತದೆ ಅದು. ಅದಕ್ಕೆ ಬಾಗಿಲು ತೆಗೆಯುವವರು ಪಾದದ ತನಕ ಇಳಿಬಿದ್ದ ರೇಷ್ಮೆ ಪಂಚೆಗೆ ಏನು ತಕರಾರು ತೆಗೆದಾರು?

ತಕರಾರು ಬರುವುದೇ ಇಲ್ಲ ಅಂತ ಮಾತ್ರ ಹೇಳಲಾರೆ. ಒಮ್ಮೆ ಹಿರಿಯ ತಮಿಳರೊಬ್ಬರು ಬಿಳಿ ಜರಿ ಪಂಚೆ ಉಟ್ಟು ಬಂದರು. ಪಕ್ಕದ ಬಾಗಿಲಲ್ಲಿದ್ದ ಹುಡುಗ ಕೆಲಸಕ್ಕೆ ಸೇರಿ ಎರಡು ವಾರ ಆಗಿತ್ತು. ಅವನ ದೇಶದಲ್ಲಿ ಪಂಚೆ ಇಲ್ಲ. "ಸರ್, ಪ್ಯಾಂಟ್ ಬೇಕು" ಅಂದುಬಿಟ್ಟ. ಆ ಹಿರಿಯರು ಜಗಳ ಮಾಡಲಿಲ್ಲ, ಸುಮ್ನೆ ನಿಂತರು. ನಾನು ಓಡಿಹೋಗಿ ನಮ್ಮ ಹೆಡ್ ವೇಟರ್ ಅವರನ್ನು ಕರೆತಂದೆ. ಅವರೇ ಕುರ್ಚಿ ಎಳೆದು ಕೂರಿಸಿದರು. ಐದು ನಿಮಿಷದ ಕಥೆ ಅಷ್ಟೇ. ಆದರೆ ಆ ಐದು ನಿಮಿಷ ಅವರ ಹೆಂಡತಿಯ ಮುಖ ಹೇಗಿತ್ತು ಅನ್ನೋದು ನನಗೆ ಇನ್ನೂ ನೆನಪಿದೆ.

ಅದಕ್ಕೇ ಹೇಳ್ತೀನಿ, ಮಗನ ಕೈಯಲ್ಲಿ ಕಂಪನಿಗೆ ಈಗಲೇ ಒಂದು ಇಮೇಲ್ ಬರೆಸಿ. ಪಂಚೆ ಉಟ್ಟ ಒಂದು ಫೋಟೋ ಹಾಕಿ, 'ಇದು ನಮ್ಮ ಸಮಾರಂಭದ ಉಡುಪು, ಫಾರ್ಮಲ್ ರಾತ್ರಿಗೆ ಆಗುತ್ತದೆಯೇ' ಅಂತ ಕೇಳಲಿ. ಬಂದ ಉತ್ತರ ಫೋನಿನಲ್ಲಿರಲಿ. ಬಾಗಿಲಲ್ಲಿ ಹೊಸ ಹುಡುಗ ಇದ್ದರೆ ತೋರಿಸಿದರಾಯ್ತು.

ನೀವು ಹೇಳಿದ ಮಾಲ್ ಪ್ರಕರಣ 2024ರ ಜುಲೈನದು. ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆ ಅಂತ ಹೊರಗೆ ನಿಲ್ಲಿಸಿದರು. ಗಲಾಟೆ ಎದ್ದು, ಮಾಲನ್ನು ಒಂದು ವಾರ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಅದಕ್ಕೂ ಹತ್ತು ವರ್ಷ ಮೊದಲು ಚೆನ್ನೈನ ಕ್ಲಬ್ ಒಂದರಲ್ಲಿ ಹೈಕೋರ್ಟ್ ನ್ಯಾಯಾಧೀಶರನ್ನೇ ಪಂಚೆ ಉಟ್ಟದ್ದಕ್ಕೆ ತಡೆದಿದ್ದರು. 2014ರಲ್ಲಿ ತಮಿಳುನಾಡು ಅದಕ್ಕಾಗಿ ಒಂದು ಕಾನೂನನ್ನೇ ಮಾಡಬೇಕಾಯ್ತು. ನನ್ನ ಅನುಭವದಲ್ಲಿ ಪಂಚೆ ಕಂಡು ಮೂಗು ಮುರಿದವರು ನಮ್ಮವರೇ ಜಾಸ್ತಿ. ಹಡಗಿನಲ್ಲಿ ಬಿಳಿಯರು ಫೋಟೋ ಕೇಳುತ್ತಾರೆ.

ಪಂಚೆಯ ಒಳಗೆ ಬೆಲ್ಟ್ ಹಾಕಲಿ, ಇಲ್ಲವೇ ವೆಲ್ಕ್ರೋ ಇರುವ ಪಂಚೆ ಕೊಳ್ಳಿ. ಹಡಗು ಸ್ವಲ್ಪ ತೂಗುತ್ತದೆ, ಮೆಟ್ಟಿಲುಗಳು ಬಹಳ. ಡೆಕ್ ಮೇಲೆ ಗಾಳಿ ಹೇಗಿರುತ್ತದೆ ಅಂದರೆ ಮುಳ್ಳಯ್ಯನಗಿರಿ ನೆತ್ತಿಯಲ್ಲಿ ನಿಂತ ಹಾಗೆ. ಎತ್ತಿ ಕಟ್ಟುವ ಅಭ್ಯಾಸ ಇದ್ದರೆ ಊಟದ ಹಾಲ್‌ನಲ್ಲಿ ಮಾತ್ರ ಬೇಡ. ಮೈಸೂರು ಪೇಟ ತರ್ತೀನಿ ಅಂದರೆ ಕೈಮುಗಿದು ಬೇಡ ಅನ್ನಿ. ಅರ್ಧ ಬ್ಯಾಗ್ ಅದೇ ನುಂಗುತ್ತದೆ.

ಇನ್ನೊಂದು ದಾರಿಯೂ ಇದೆ. ಹಿಂದಿನ ಮೇಷ್ಟ್ರುಗಳು ಕಚ್ಚೆ ಪಂಚೆಯ ಮೇಲೆ ಕ್ಲೋಸ್ ಕಾಲರ್ ಕೋಟು ಹಾಕುತ್ತಿದ್ದರಲ್ಲ, ಅಂಥ ಕೋಟು ಒಂದನ್ನು ಹಾಸನದಲ್ಲೇ ಹೊಲಿಸಿ. ಕಡು ನೀಲಿ ಅಥವಾ ಕಪ್ಪು. ಟೈ ಬೇಕಿಲ್ಲ, ಬೋ ಬೇಕಿಲ್ಲ. ಒಂದು ರಾತ್ರಿ ಪಂಚೆ ಮೇಲೆ, ಇನ್ನೊಂದು ರಾತ್ರಿ ಕಪ್ಪು ಪ್ಯಾಂಟಿನ ಮೇಲೆ. ಎರಡೂ ಬೇರೆ ಬೇರೆಯಾಗಿಯೇ ಕಾಣುತ್ತವೆ. ವಿಮಾನದಲ್ಲಿ ಅದನ್ನು ಮೈಮೇಲೆ ಹಾಕಿಕೊಂಡೇ ಹೋಗಲಿ. ಮೈಮೇಲಿನ ಕೋಟನ್ನು ವಿಮಾನದವರು ಸಾಮಾನ್ಯವಾಗಿ ತೂಕಕ್ಕೆ ಹಾಕುವುದಿಲ್ಲ. ಕನ್ನಡಕ, ಮಾತ್ರೆ, ಫೋನಿನ ಚಾರ್ಜರ್ ಎಲ್ಲ ಅದರ ಜೇಬಿಗೆ.

ಹಳೇ ಮದುವೆ ಕೋಟನ್ನು ಬಿಡಿಸಿ ಹೊಲಿಸೋ ಯೋಚನೆ ಬೇಡ. ನಮ್ಮ ಕಡೆಯಂತೂ ಒಂದು ಮಳೆಗಾಲ ಕಳೆದರೆ ಬೀರುವಿನ ಕೋಟಿಗೆ ಬೂಷ್ಟು ಹಿಡಿದಿರುತ್ತದೆ. ಆ ವಾಸನೆ ಡ್ರೈ ಕ್ಲೀನಿಂಗಿಗೂ ಹೋಗುವುದಿಲ್ಲ.

ಈಗ ಸೀರೆ. ನಿಮಗೆ ಉತ್ತರ ಬರೆಯುವ ಮುಂಚೆ ನಾನೊಂದು ಕೆಲಸ ಮಾಡಿದೆ. ಕಾಫಿ ಔಟ್‌ಟರ್ನ್, ಅಂದ್ರೆ ಒಣಗಿಸಿದ ಕಾಫಿಯಿಂದ ಎಷ್ಟು ಬೀಜ ಸಿಗುತ್ತೆ ಅಂತ, ನೋಡಲು ಇಟ್ಟುಕೊಂಡ ಪುಟ್ಟ ತಕ್ಕಡಿ ಇದೆ. ಅದರ ಮೇಲೆ ನಮ್ಮ ಮನೆಯವಳ ಸೀರೆಗಳನ್ನೆಲ್ಲ ಇಟ್ಟೆ. ಅವಳು ಬಾಗಿಲಲ್ಲಿ ನಿಂತು, "ಈ ಸಲ ಸೀರೆಗೆ ಏನು ರೇಟು?" ಅಂದಳು. ಮೈಸೂರು ಸಿಲ್ಕ್ 460 ಗ್ರಾಂ. ಕಾಂಚೀಪುರಂ 870 ಗ್ರಾಂ. ಅವಳ ಒಂದು ಜೊತೆ ಹಿಮ್ಮಡಿ ಚಪ್ಪಲಿ 640. ನನ್ನ ಹಳೇ ಕಪ್ಪು ಶೂ ಒಂದು ಕಿಲೋ ದಾಟಿತು.

ಭಾರ ಎಲ್ಲಿದೆ ಗೊತ್ತಾಯ್ತಲ್ಲ? ಸೀರೆಯಲ್ಲಿ ಅಲ್ಲ, ಅದರ ಹಿಂದೆ ಬರುವ ಪರಿವಾರದಲ್ಲಿ. ಒಂದೊಂದು ಸೀರೆಗೆ ಒಂದೊಂದು ರವಿಕೆ, ಒಂದೊಂದು ಲಂಗ, ಹೊಂದುವ ಚಪ್ಪಲಿ, ಹೊಂದುವ ಸರದ ಡಬ್ಬಿ. ಎರಡೇ ಸೀರೆ ಸಾಕು. ಎರಡೂ ಮೈಸೂರು ಸಿಲ್ಕ್ ಆಗಲಿ. ಅದು ಕ್ರೇಪ್, ಬಿಗಿಯಾಗಿ ಹುರಿ ಮಾಡಿದ ನೂಲು. ಹಾಗಾಗಿ ಮಡಿಸಿಟ್ಟರೂ ಗೆರೆ ಅಷ್ಟು ನಿಲ್ಲುವುದಿಲ್ಲ, ಉಟ್ಟು ಅರ್ಧ ಗಂಟೆಗೆ ನೇರವಾಗುತ್ತದೆ. ರವಿಕೆ ಒಂದೇ, ಜರಿಯ ಚಿನ್ನದ ಬಣ್ಣದ್ದು. ಅದು ಎರಡಕ್ಕೂ ಒಪ್ಪುತ್ತದೆ. ಲಂಗವೂ ಒಂದೇ ಇರಲಿ, ರಾತ್ರಿ ಒಗೆದು ಹಾಕಿದರೆ ಬೆಳಿಗ್ಗೆ ಒಣಗಿರುತ್ತದೆ. ಕಾಂಚೀಪುರಂ ಸೀರೆ ಹಾಸನಾಂಬೆಯ ದರ್ಶನಕ್ಕೆ ಇರಲಿ. ಸೀರೆ ಎರಡನ್ನೂ ಹಳೇ ಹತ್ತಿ ಪಂಚೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಬೇಡ.

ಒಂದೇ ರವಿಕೆ ಎರಡು ದಿನ ಹಾಕಿದ್ದನ್ನು ಯಾರಾದರೂ ನೋಡ್ತಾರೆ ಅಂತ ಅನ್ನಿಸಬಹುದು. ಇಲ್ಲ ಅಕ್ಕಾ. ಒಂದು ಹಡಗಿನಲ್ಲಿ ಎರಡು ಸಾವಿರ, ಮೂರು ಸಾವಿರ ಜನ. ಮೊದಲ ರಾತ್ರಿ ನೋಡಿದ ಮುಖ ಮತ್ತೆ ಸಿಗುವುದೇ ಅಪರೂಪ. ಬಾಗಿಲಲ್ಲಿ ನಾವು ನೋಡುತ್ತಿದ್ದದ್ದು ಕೆಳಗಿನಿಂದ ಮೇಲಕ್ಕೆ. ಮೊದಲು ಪಾದ: ಹವಾಯಿ ಚಪ್ಪಲಿ ಇದೆಯಾ? ಆಮೇಲೆ ಮೊಣಕಾಲು: ಚಡ್ಡಿ ಹಾಕಿದ್ದಾರಾ? ಆಮೇಲೆ ತಲೆ: ಕ್ಯಾಪ್ ಇದೆಯಾ? ಮೂರೂ ಇಲ್ಲದಿದ್ದರೆ, ಬಟ್ಟೆ ಇಸ್ತ್ರಿ ಆಗಿದ್ದರೆ ಒಳಗೆ ಬನ್ನಿ. ಮುದುರಿದ ಟುಕ್ಸೀಡೊ (ಬೋ ಟೈ ಜೊತೆಗಿನ ಕಪ್ಪು ಸೂಟು) ಹಾಕಿದವರಿಗಿಂತ ಗರಿಗರಿ ಬಿಳಿ ಅಂಗಿ ಹಾಕಿದವರೇ ಚೆನ್ನಾಗಿ ಕಾಣುತ್ತಿದ್ದರು. ಇದು ನನ್ನ ಅಭಿಪ್ರಾಯ, ಕಂಪನಿಯದಲ್ಲ.

ಇಸ್ತ್ರಿ ಅಂದ ಕೂಡಲೇ ಮನೆಯ ಇಸ್ತ್ರಿ ಪೆಟ್ಟಿಗೆ ಬ್ಯಾಗಿಗೆ ಹಾಕಬೇಡಿ. ಹಡಗಿನಲ್ಲಿ ಬೆಂಕಿಯ ಭಯ ದೊಡ್ಡದು. ಇಸ್ತ್ರಿ ಪೆಟ್ಟಿಗೆ, ಸ್ಟೀಮರ್ ಸಿಕ್ಕಿದರೆ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಕೆಲವು ಹಡಗುಗಳಲ್ಲಿ ಪ್ರಯಾಣಿಕರೇ ಒಗೆದು ಇಸ್ತ್ರಿ ಮಾಡಿಕೊಳ್ಳುವ ಕೋಣೆ ಇರುತ್ತದೆ, ಕೆಲವು ಕಡೆ ಇರುವುದಿಲ್ಲ. ದುಡ್ಡು ಕೊಟ್ಟರೆ ಅವರೇ ಮಾಡಿಕೊಡುತ್ತಾರೆ. ಆದರೆ ಫಾರ್ಮಲ್ ರಾತ್ರಿಯ ದಿನ ಕೊಟ್ಟರೆ ಸಾಲು ಹನುಮಂತನ ಬಾಲ. ಹತ್ತಿದ ದಿನವೇ ಕೊಟ್ಟುಬಿಡಿ. ಸಣ್ಣಪುಟ್ಟ ಮುದುರು ಇದ್ದರೆ ಸ್ನಾನ ಮಾಡುವಾಗ ಅಂಗಿಯನ್ನು ಬಚ್ಚಲ ಬಾಗಿಲ ಕೊಕ್ಕೆಗೆ ತೂಗುಹಾಕಿ. ಬಿಸಿನೀರಿನ ಹಬೆಗೆ ಅರ್ಧ ಮುದುರು ಹೋಗುತ್ತದೆ. ಜರಿ ಸೀರೆಗೆ ಈ ಉಪಾಯ ಬೇಡ.

ಜನ ಜಾಸ್ತಿ ಎಡವುವುದು ಇನ್ನೊಂದು ಕಡೆ. ದೊಡ್ಡ ಬ್ಯಾಗನ್ನು ಬಂದರಿನಲ್ಲಿ ಅವರ ಕೈಗೆ ಕೊಟ್ಟರೆ ಅದು ಕೋಣೆಗೆ ಬರುವುದು ಸಂಜೆ, ಕೆಲವೊಮ್ಮೆ ರಾತ್ರಿ. ಅದಕ್ಕೇ ಮೊದಲ ರಾತ್ರಿ ಸಾಮಾನ್ಯವಾಗಿ ಫಾರ್ಮಲ್ ಇಟ್ಟಿರುವುದಿಲ್ಲ. ಹಡಗು ಇಡೀ ದಿನ ಸಮುದ್ರದಲ್ಲೇ ಇರುವ ದಿನ ಇಡುತ್ತಾರೆ, ಜನಕ್ಕೆ ಸಿಂಗಾರಕ್ಕೆ ಪುರುಸೊತ್ತು ಇರಲಿ ಅಂತ. ನಿಮ್ಮದು ಹೇಗೂ ಸಣ್ಣ ಬ್ಯಾಗ್, ಕೈಯಲ್ಲೇ ಹಿಡಿದು ಹತ್ತಿ. ಮಾತ್ರೆ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ ಕೈಬಿಡಬೇಡಿ. ವಿಮಾನದಲ್ಲಿ ಬ್ಯಾಗ್ ಕಳೆದುಹೋಗಿ ಟೀ ಶರ್ಟಿನಲ್ಲೇ ಬಂದವರನ್ನು ನಾನು ಕಂಡಿದ್ದೇನೆ. ನಮ್ಮ ಹಡಗಿನಲ್ಲಿ ಬಾಗಿಲ ಹಿಂದೆ ಅಂಥವರಿಗಾಗಿ ನಾಲ್ಕು ಕೋಟು ತೂಗುಹಾಕಿದ್ದೆವು. ನಾಲ್ಕೂ ಒಂದೇ ಅಳತೆ. ತೆಳ್ಳಗಿನವರು ಹಾಕಿಕೊಂಡರೆ ಗದ್ದೆಯ ಬೆದರುಬೊಂಬೆ.

ಉಳಿದ ಐದು ರಾತ್ರಿಗೆ ಕಾಲರ್ ಇರುವ ಅಂಗಿ, ಉದ್ದ ಪ್ಯಾಂಟು, ನಿಮಗೆ ಚೂಡಿದಾರ್ ಸಾಕು. ಹಗಲು ಊರು ನೋಡಲು ಹತ್ತಿ ಬಟ್ಟೆ, ಕಾಲಿಗೆ ನಡೆದು ಪಳಗಿದ ಶೂ. ಅದನ್ನು ವಿಮಾನದಲ್ಲಿ ಕಾಲಿಗೇ ಹಾಕಿಕೊಳ್ಳಿ. ಹಡಗು ರೋಮ್ ಹತ್ತಿರದ ಬಂದರಿಗೆ ಹೋದರೆ ಇನ್ನೊಂದು ಉಡುಪಿನ ನಿಯಮ ಎದುರಾಗುತ್ತದೆ. ವ್ಯಾಟಿಕನ್ನಿನ ಸೇಂಟ್ ಪೀಟರ್ಸ್ ಚರ್ಚಿಗೆ ಭುಜ, ಮೊಣಕಾಲು ಮುಚ್ಚಿರಬೇಕು. ಆಗ ತುಂಡು ಬಟ್ಟೆಯವರು ಪರದಾಡುತ್ತಾರೆ, ನೀವು ನೇರ ಒಳಗೆ.

ಇಷ್ಟೆಲ್ಲ ಹೇಳಿದ ಮೇಲೂ ಯಜಮಾನರಿಗೆ ಆ ದಿನ ಬೇಜಾರು ಅನ್ನಿಸಿದರೆ ಮೇಲಿನ ಬಫೆಗೆ ಹೋಗಿ. ಅಲ್ಲಿ ಫಾರ್ಮಲ್ ರಾತ್ರಿಯಲ್ಲೂ ಕೋಟು ಕೇಳುವುದಿಲ್ಲ. ಆದರೆ ಒಂದು ದಿನವಾದರೂ ಕೆಳಗಿನ ಹಾಲ್‌ಗೆ ಇಳಿಯಿರಿ. ಸಸ್ಯಾಹಾರಿಗಳಾದರೆ ಹಿಂದಿನ ರಾತ್ರಿಯೇ ನಿಮ್ಮ ಮೇಜಿನ ವೇಟರ್‌ಗೆ ಹೇಳಿಡಿ. ಫಾರ್ಮಲ್ ರಾತ್ರಿ ಅಡುಗೆಮನೆಯವರಿಗೆ ಲಾಬ್‌ಸ್ಟರ್ ಧ್ಯಾನ. ಮೊದಲೇ ಹೇಳಿದರೆ ಬೇಳೆ, ಪಲ್ಯ, ಅನ್ನ ಮಾಡಿಕೊಡುತ್ತಾರೆ. ಆ ವೇಟರ್ ನಮ್ಮ ಕಡೆಯ ಹುಡುಗನೇ ಆಗಿದ್ದರೂ ಆಶ್ಚರ್ಯ ಇಲ್ಲ. ಮಂಗಳೂರು, ಗೋವಾದವರು ಬೇಕಾದಷ್ಟು ಜನ ಇರುತ್ತಾರೆ. ಕನ್ನಡದಲ್ಲಿ ಒಂದು ಮಾತಾಡಿಸಿ ನೋಡಿ. ಮನೆ ಬಿಟ್ಟು ಆರೆಂಟು ತಿಂಗಳಾಗಿರುತ್ತದೆ ಅವರಿಗೆ.

ಪ್ರಶ್ನೆ: ನಾವು ನಾಲ್ಕು ಜನ ಸ್ನೇಹಿತರು ಮುಂಬೈನಿಂದ ಗೋವಾಕ್ಕೆ ಎರಡು ರಾತ್ರಿಯ ಹಡಗಿನಲ್ಲಿ ಹೋಗ್ತಿದ್ದೇವೆ. ಸೂಟ್ ಬಾಡಿಗೆಗೆ ತರಬೇಕಾ?
– ಓದುಗರೊಬ್ಬರು, ಕಡೂರು

ಉತ್ತರ: ಬೇಡ ಮಾರಾಯ. ಪ್ರಯಾಣಿಕರಲ್ಲಿ ಮುಕ್ಕಾಲು ಪಾಲು ನಮ್ಮವರೇ, ರಜೆಯ ಮೂಡಿನಲ್ಲಿ ಇರುತ್ತಾರೆ. ಒಂದು ಒಳ್ಳೇ ಅಂಗಿ, ಒಂದು ಪ್ಯಾಂಟು, ಬೆರಳು ಮುಚ್ಚುವ ಶೂ. ಈಜುಕೊಳಕ್ಕೆ ಮಾತ್ರ ನೈಲಾನ್ ಈಜುಡುಗೆ ಮರೆಯಬೇಡಿ. ಹತ್ತಿ ಬನಿಯನ್, ಬರ್ಮುಡಾದಲ್ಲಿ ನೀರಿಗೆ ಇಳಿಯಲು ಬಿಡದೆ ಸಪ್ಪೆ ಮುಖ ಹಾಕಿಕೊಂಡು ದಡದಲ್ಲಿ ಕೂತ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ.