ಹನ್ನೆರಡು ವರ್ಷದ ಎಂಒಯುನಿಂದ ವಿದ್ಯಾರ್ಥಿಗೆ ಸಿಗುವುದೇನು?

ನೀವು ಕೇಳಿದ್ದು: ಕಲಬುರಗಿಯಲ್ಲಿ ಎಂ.ಎಸ್ಸಿ. ಎರಡನೇ ಸೆಮಿಸ್ಟರ್‌ನಲ್ಲಿದ್ದೀರಿ, ನಿಮ್ಮ ವಿಶ್ವವಿದ್ಯಾಲಯಕ್ಕೂ ಜರ್ಮನಿಯ ಒಂದು ವಿಶ್ವವಿದ್ಯಾಲಯಕ್ಕೂ ಹನ್ನೆರಡು ವರ್ಷದಿಂದ ಒಡಂಬಡಿಕೆ ಪತ್ರ (ಎಂಒಯು) ಇದೆ, "ಶಾಲು ಹೊದಿಸಿ ಫೋಟೋ ತೆಗೆಸಿಕೊಳ್ಳೋದು ಬಿಟ್ಟು ಇದರಿಂದ ನನ್ನಂಥವರಿಗೆ ಏನಾದರೂ ಲಾಭ ಇದೆಯಾ?"

ಇದೆ ನೋಡ್ರಿ. ದುಡ್ಡಿನ ಲೆಕ್ಕದಲ್ಲೂ ಇದೆ, ಓದಿನ ಲೆಕ್ಕದಲ್ಲೂ ಇದೆ. ಆದರೆ ಶಾಲು ಹೊದಿಸಿದ ದಿನ ಸಹಿಯಾದ ಎಂಒಯುನಲ್ಲಿ ಅದನ್ನು ಹುಡುಕಬೇಡಿ. ಆ ಎರಡು ಹಾಳೆಯಲ್ಲಿ ಪರಸ್ಪರ ಸಹಕಾರದ ಮಾತಷ್ಟೇ ಇರುತ್ತದೆ. ಅದರ ಹಿಂದೆ ವರ್ಷ ವರ್ಷ ಸೇರುತ್ತ ಬಂದ ಕಡತ ಒಂದಿರುತ್ತದೆ: ವಿದ್ಯಾರ್ಥಿ ವಿನಿಮಯದ ಪ್ರತ್ಯೇಕ ಒಪ್ಪಂದ, ಪೇಪರುಗಳ ಸಮಾನತಾ ಪಟ್ಟಿ (ಅಲ್ಲಿನ ಯಾವ ಪೇಪರು ಇಲ್ಲಿನ ಯಾವುದಕ್ಕೆ ಸಮ ಎಂಬುದು), ಹಿಂದೆ ಹೋಗಿ ಬಂದವರ ಅಂಕಪಟ್ಟಿಗಳು. ಹನ್ನೆರಡು ವರ್ಷದ ಬೆಲೆ ಆ ಕಡತದ್ದು.

ದುಡ್ಡಿನದು ಮೊದಲು. ವಿನಿಮಯದಲ್ಲಿ ಹೋದವರು ಬೋಧನಾ ಶುಲ್ಕ ಅಂತ ಇಲ್ಲಿನದಷ್ಟೇ ಕಟ್ಟುತ್ತಾರೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವೇ ಇಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯೂರೋ ಇಟ್ಟರು, ಅದೂ ವಿನಿಮಯದವರಿಗೆ ಮಾಫಿ. ಇನ್ನು ಎರಾಸ್ಮಸ್ ಪ್ಲಸ್, ಅಂದರೆ ಯುರೋಪ್ ಒಕ್ಕೂಟದ ವಿನಿಮಯ ಯೋಜನೆಯ ಹಣ. ಇದರಲ್ಲಿ ವಿದ್ಯಾರ್ಥಿ 2ರಿಂದ 12 ತಿಂಗಳು ಅಲ್ಲಿರಬಹುದು. ತಿಂಗಳಿಗೆ 800ರಿಂದ 900 ಯೂರೋ, ಪ್ರಯಾಣದ ಮೊತ್ತ ಬೇರೆ. ಈ ಹಣಕ್ಕೆ ಇಲ್ಲಿಂದ ನೇರವಾಗಿ ಅರ್ಜಿ ಹಾಕಲು ಬರುವುದಿಲ್ಲ, ಯುರೋಪಿನ ವಿಶ್ವವಿದ್ಯಾಲಯವೇ ಹಾಕಬೇಕು. ಹಾಕುವವರು ಯಾವ ಪಾಲುದಾರರನ್ನು ಹೆಸರಿಸುತ್ತಾರೆ? ಕಳಿಸಿದ ವಿದ್ಯಾರ್ಥಿಗಳ ಕಾಗದ ಹೊತ್ತಿಗೆ ಸರಿಯಾಗಿ ಬಂದವರನ್ನು. ಹಳೆಯ ನಂಟಿನ ಮೊದಲ ಲಾಭ ಇದು. ವೀಸಾಕ್ಕೆ ಜರ್ಮನಿ ಕೇಳುವ ಬ್ಲಾಕ್ಡ್ ಅಕೌಂಟ್ (ಅಲ್ಲಿನ ಖರ್ಚಿಗೆ ಮುಂಚೆಯೇ ಹಣ ಇಟ್ಟು ತಿಂಗಳಿಗಿಷ್ಟು ಅಂತ ತೆಗೆಯುವ ಖಾತೆ) 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992. ವಿದ್ಯಾರ್ಥಿವೇತನದ ಪತ್ರ ಎಷ್ಟು ಮೊತ್ತ ತೋರಿಸುತ್ತದೋ ಅಷ್ಟು ಹೊರೆ ಇಳಿಯುತ್ತದೆ.

ಈಗ ಸಮಾನತಾ ಪಟ್ಟಿಗೆ ಬರೋಣ. ವಿದ್ಯಾರ್ಥಿಗಳು ಮುಗ್ಗರಿಸುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯುರೋಪಿನಲ್ಲಿ ಒಂದು ವರ್ಷದ ಪೂರ್ತಿ ಓದಿಗೆ 60 ಇಸಿಟಿಎಸ್ (ಅಲ್ಲಿನ ಕ್ರೆಡಿಟ್ ಪದ್ಧತಿ) ಕ್ರೆಡಿಟ್, ಸೆಮಿಸ್ಟರಿಗೆ 30. ನಮ್ಮ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ವರ್ಷಕ್ಕೆ 40, ಸೆಮಿಸ್ಟರಿಗೆ 20. ಅಲ್ಲಿನ ಒಂದೂವರೆ ನಮ್ಮ ಒಂದಕ್ಕೆ ಸಮ. ಅಲ್ಲಿ 6 ಇಸಿಟಿಎಸ್ ಪೇಪರು ತೆಗೆದುಕೊಂಡರೆ ನಮ್ಮ 4 ಕ್ರೆಡಿಟ್ ಪೇಪರಿಗೆ ನೇರ ಕೂಡುತ್ತದೆ. ಆದರೆ ಅಲ್ಲಿ 5 ಇಸಿಟಿಎಸ್ ಪೇಪರುಗಳೂ ಬಹಳ. ಐದನ್ನು ಒಂದೂವರೆಯಿಂದ ಭಾಗಿಸಿದರೆ 3.33. ನಿಮಗೆ ಬೇಕಾದ್ದು 4. ಈ 0.67 ಕೊರತೆಗೇ ಫೈಲು ಮೌಲ್ಯಮಾಪನ ವಿಭಾಗದಿಂದ ವಾಪಸ್ ಬರುತ್ತದೆ, ಫಲಿತಾಂಶದ ಮುಂದೆ 'ವಿತ್‌ಹೆಲ್ಡ್' (ತಡೆಹಿಡಿದಿದೆ) ಅಂತ ಬೀಳುತ್ತದೆ. ಮದ್ದು ಒಂದೇ: ಪೇಪರಿಗೆ ಪೇಪರು ತೂಗದೆ ಇಡೀ ಸೆಮಿಸ್ಟರನ್ನು ಒಂದೇ ಗಂಟಾಗಿ ಒಪ್ಪುವುದು. ಅಲ್ಲಿ 30 ಪಾಸಾದರೆ ಇಲ್ಲಿ 20 ಜಮೆ. ಇದಕ್ಕೆ ಅಧ್ಯಯನ ಮಂಡಳಿಯ ಒಪ್ಪಿಗೆ ಬೇಕು, ಆಮೇಲೆ ವಿದ್ಯಾವಿಷಯಕ ಪರಿಷತ್ತಿನದು. ಆ ಸಭೆಗಳು ವರ್ಷಕ್ಕೆ ಕೆಲವೇ ಸಲ ಕೂಡುತ್ತವೆ. ಹೊಸ ಒಪ್ಪಂದದಲ್ಲಿ ಮೊದಲು ಹೋದವರು ಆ ಸಭೆಗಾಗಿ ಕಾಯುತ್ತ ಕೂಡುತ್ತಾರೆ; ಹಳೆಯ ಒಪ್ಪಂದದಲ್ಲಿ ನಿರ್ಣಯದ ಸಂಖ್ಯೆ ಮತ್ತು ದಿನಾಂಕ ಫೈಲಿನಲ್ಲೇ ಇರುತ್ತವೆ.

ಅಂಕದ ಕಥೆ ಇನ್ನೂ ಸೂಕ್ಷ್ಮ. ಜರ್ಮನಿಯಲ್ಲಿ 1.0 ಎಲ್ಲಕ್ಕಿಂತ ಮೇಲು, 4.0 ಬರೀ ಪಾಸು, 5.0 ನಪಾಸು. ನಮ್ಮದಕ್ಕೆ ಪೂರಾ ಉಲ್ಟಾ. 1.7 ತಂದ ಜಾಣ ಹುಡುಗಿಯ ಕಾಗದ ನೋಡಿ, ಗೊತ್ತಿಲ್ಲದವರು ಹತ್ತಕ್ಕೆ 1.7 ಅಂತ ಬರೆದುಕೊಂಡರೆ ಮುಗಿಯಿತು. ನಮ್ಮ ಅಂಕವನ್ನು ಜರ್ಮನ್ ಅಂಕಕ್ಕೆ ತಿರುಗಿಸಲು ಅಲ್ಲಿನವರು ಬಳಸುವ ಬವೇರಿಯನ್ ಸೂತ್ರ ಹೀಗಿದೆ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಅಂಕಕ್ಕೂ ಪಾಸಿನ ಅಂಕಕ್ಕೂ ಇರುವ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. 100ಕ್ಕೆ 70 ಬಂದು ಪಾಸಿನ ಗಡಿ 40 ಇದ್ದರೆ, 30ನ್ನು 60ರಿಂದ ಭಾಗಿಸಿದರೆ ಅರ್ಧ, ಮೂರು ಪಟ್ಟು ಒಂದೂವರೆ, ಒಂದು ಕೂಡಿಸಿದರೆ 2.5. ಅದೇ 70ಕ್ಕೆ ಪಾಸಿನ ಗಡಿ 50 ಅಂತ ಹಿಡಿದರೆ 2.8 ಆಗುತ್ತದೆ. ಇದಕ್ಕೇ ಹೇಳುವುದು, ನಿಮ್ಮ ಮಾರ್ಕ್ಸ್ ಕಾರ್ಡಿನಲ್ಲಿ ಪಾಸಿನ ಕನಿಷ್ಠ ಅಂಕ ಅಚ್ಚಾಗಿದೆಯೋ ಇಲ್ಲವೋ ನೋಡಿಕೊಳ್ಳಿ ಅಂತ. ಅಚ್ಚಾಗಿಲ್ಲದಿದ್ದರೆ ಕುಲಸಚಿವರ (ಮೌಲ್ಯಮಾಪನ) ಸಹಿ-ಮೊಹರಿನ ಪತ್ರ ಬೇಕು. ವಾಪಸ್ ಬಂದಾಗ ಲೆಕ್ಕ ತಿರುಗಿಸಬೇಕು: 1.7ರಿಂದ 1 ಕಳೆದರೆ 0.7, ಮೂರರಿಂದ ಭಾಗಿಸಿ 60ರಿಂದ ಗುಣಿಸಿದರೆ 14, ನೂರರಿಂದ ಕಳೆದರೆ 86. ಆ ಹುಡುಗಿಗೆ ಸಿಗಬೇಕಾದ್ದು 86.

ಸಂಶೋಧನೆಗೆ ಬಂದರೆ, ಒಪ್ಪಂದ ಉದ್ದವಿರುವುದು ಯಾಕೆ ಮುಖ್ಯ ಅಂತ ನಮ್ಮ ತೊಗರಿಯೇ ತೋರಿಸುತ್ತದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಗುಲ್ಬರ್ಗಾ ತೊಗರಿ ಬೇಳೆಯ ದೊಡ್ಡ ಶತ್ರು ನೆಟೆ ರೋಗ. ಗಿಡ ಹೂ ಬಿಡುವ ಹೊತ್ತಿಗೆ ನೋಡನೋಡುತ್ತ ಬಾಡುತ್ತದೆ, ಬುಡದಿಂದ ಮೇಲಕ್ಕೆ ಕಾಂಡದ ಮೇಲೆ ನೇರಳೆ ಪಟ್ಟಿ ಏರುತ್ತದೆ, ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ಫ್ಯೂಸೇರಿಯಂ ಉಡಮ್ ಎಂಬ ಶಿಲೀಂಧ್ರ ಮಣ್ಣಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಯಾವ ತಳಿ ತಡೆಯುತ್ತದೆ ಅಂತ ತಿಳಿಯಲು ರೋಗ ತುಂಬಿದ ಹೊಲದಲ್ಲೇ ಬಿತ್ತಿ ನೋಡಬೇಕು; ರೋಗ ಹೊಲದ ತುಂಬ ಒಂದೇ ಸಮ ಇದೆಯೇ ಅಂತ ಗೊತ್ತಾಗಲು ನಡುನಡುವೆ ಬೇಗ ಸಾಯುವ ತಳಿಯ ಸಾಲು ಹಾಕಬೇಕು. ಜೂನ್-ಜುಲೈನಲ್ಲಿ ಬಿತ್ತಿ ಡಿಸೆಂಬರ್-ಜನವರಿಗೆ ಕೊಯ್ಯುವ ಬೆಳೆ ಇದು, ವರ್ಷಕ್ಕೆ ಒಂದೇ ಪ್ರಯೋಗ. ಮೂರು ವರ್ಷದ ಯೋಜನೆ ಅಂದರೆ ಮೂರೇ ಹಂಗಾಮು, ಅದರಲ್ಲಿ ಒಂದು ಬರಕ್ಕೆ ಹೋದರೆ ಎರಡು. ಎರಡು ಹಂಗಾಮಿನ ಅಂಕಿ ಹಿಡಿದು ರೈತನಿಗೆ ತಳಿ ಶಿಫಾರಸು ಮಾಡಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಹೊಲ ಇಲ್ಲಿ, ಶಿಲೀಂಧ್ರದ ಜೀನೋಮ್ ಓದುವ ಲ್ಯಾಬು ಅಲ್ಲಿ, ಹತ್ತು-ಹನ್ನೆರಡು ಹಂಗಾಮಿನ ಒಂದೇ ರೀತಿಯ ದಾಖಲೆ ನಡುವೆ. ಇಷ್ಟು ಕೂಡಿದ ಮೇಲೆಯೇ ಇಬ್ಬರ ಕೈಯಲ್ಲೂ ಒಬ್ಬೊಬ್ಬರಿಂದಾಗದ ಕೆಲಸ ಆಗುತ್ತದೆ. ಬೀದರಿನ ನೌಬಾದ್ ಕರೇಜ್‌ನ (ನೆಲದಡಿಯ ಹಳೆಯ ನೀರಿನ ಸುರಂಗ) ನೀರು ಅಳೆಯುವುದಕ್ಕೂ ಇದೇ ಮಾತು: ಒಂದು ಮಳೆಗಾಲದ ಅಳತೆಯಿಂದ ಏನೂ ತಿಳಿಯದು.

ಒಂದು ಎಚ್ಚರಿಕೆ. ತೊಗರಿ ಬೀಜವನ್ನೋ ಶಿಲೀಂಧ್ರದ ಕಲ್ಚರನ್ನೋ ಮಣ್ಣನ್ನೋ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗಬೇಡಿ. ಹೊರದೇಶದ ಸಂಸ್ಥೆಗೆ ಜೈವಿಕ ಸಂಪನ್ಮೂಲ ಕೊಡಲು 2002ರ ಜೀವವೈವಿಧ್ಯ ಕಾಯ್ದೆಯಡಿ ಚೆನ್ನೈನ ರಾಷ್ಟ್ರೀಯ ಪ್ರಾಧಿಕಾರದ ಒಪ್ಪಿಗೆ ಬೇಕು. ಕೇಂದ್ರ ಸರ್ಕಾರ ಒಪ್ಪಿದ ಸಹಯೋಗದ ಯೋಜನೆಗಳಿಗೆ 5ನೇ ಕಲಮಿನಲ್ಲಿ ರಿಯಾಯಿತಿ ಇದೆ. ಬಿತ್ತುವ ಬೀಜಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಹಳೆಯ ಪಾಲುದಾರಿಕೆಯಲ್ಲಿ ಈ ದಾರಿ ಸವೆದಿರುತ್ತದೆ, ಕೇಳಿದರೆ ಹಿಂದಿನ ಅರ್ಜಿಯ ನಮೂನೆಯೇ ಸಿಗುತ್ತದೆ.

ಇಂಥ ನಂಟು ಸಂಸ್ಥೆಯನ್ನು ಎಷ್ಟು ದೂರ ಒಯ್ಯಬಲ್ಲದು ಅಂತ ನೋಡಬೇಕಾದರೆ 1964ಕ್ಕೆ ಹೋಗಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಶುರುವಾದಾಗ ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯ ಜೊತೆಗೆ ನಿಂತಿತು. ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕು ಎಂಬ ಲ್ಯಾಂಡ್ ಗ್ರಾಂಟ್ ಮಾದರಿ ಹಾಗೆ ಬಂತು. ಅದರಿಂದ 1986ರಲ್ಲಿ ಧಾರವಾಡ ಒಡೆಯಿತು, ಧಾರವಾಡದಿಂದ 2008ರಲ್ಲಿ ರಾಯಚೂರು. ಬೀದರಿನ ಪಶು ವಿಶ್ವವಿದ್ಯಾಲಯವೂ 2004ರ ಕಾಯ್ದೆಯಿಂದ ಆ ಮನೆತನದಲ್ಲೇ ಹುಟ್ಟಿತು. ಇವತ್ತು ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಒಬ್ಬ ವಿಜ್ಞಾನಿ ಆಳಂದದ ರೈತನ ಹೊಲಕ್ಕೆ ಹೋಗಿ ಗಿಡ ಕಿತ್ತು ನೋಡುವ ಪದ್ಧತಿಯ ಬೇರು ಅಲ್ಲಿದೆ.

ಕೆಡುವುದು ಎಲ್ಲಿ? ಒಂದು, ನಂಟು ಒಬ್ಬ ಪ್ರಾಧ್ಯಾಪಕರ ಮೇಲೆ ನಿಂತಿದ್ದು ಅವರು ನಿವೃತ್ತರಾದಾಗ. ಎರಡು, ಒಪ್ಪಂದದ ಅವಧಿ ಮುಗಿದದ್ದು ಯಾರ ಗಮನಕ್ಕೂ ಬಾರದಾಗ. ಆ ನಡುವೆ ಹೋದ ವಿದ್ಯಾರ್ಥಿಗೆ ಶುಲ್ಕ ಮಾಫಿ ಸಿಗುವುದಿಲ್ಲ. ಮೂರು, ಇಲ್ಲಿಂದ ಹೋಗುವವರೇ ಎಲ್ಲ, ಅಲ್ಲಿಂದ ಬರುವವರು ಯಾರೂ ಇಲ್ಲದಾಗ. ಶುಲ್ಕ ಮಾಫಿ ನಿಂತಿರುವುದು ಕೊಡು-ಕೊಳ್ಳುವಿಕೆಯ ಮೇಲೆ, ತಕ್ಕಡಿ ವಾಲಿದರೆ ನಮ್ಮ ಸೀಟು ಇಳಿಯುತ್ತವೆ. ಬರುವವರನ್ನು ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಕರೆಸಿಕೊಳ್ಳುವುದು ಒಳ್ಳೆಯದು, ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಯಾರನ್ನೂ ಮೊದಲ ಸಲ ಕರೆಸಬಾರದು. ನಾಲ್ಕನೆಯದು ಕ್ಯಾಲೆಂಡರ್. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರಿನಲ್ಲಿ ಶುರು, ಬೇಸಿಗೆಯದು ಏಪ್ರಿಲಿನಲ್ಲಿ. ನಮ್ಮ ಮೂರನೇ ಸೆಮಿಸ್ಟರಿಗೆ ಅಲ್ಲಿಗೆ ಹೋದವರ ಪಾಠ ಮುಗಿಯುವುದು ಫೆಬ್ರುವರಿಗೆ. ಇಲ್ಲಿ ಅಷ್ಟರಲ್ಲಿ ನಾಲ್ಕನೆಯದು ಶುರುವಾಗಿರುತ್ತದೆ.

ಹಾಗಾಗಿ ನಿಮಗೆ ನನ್ನ ಸಲಹೆ: ನಾಲ್ಕನೇ ಸೆಮಿಸ್ಟರಿನ ಡಿಸರ್ಟೇಶನ್ನಿಗೆ ಹೋಗಿ. ಲ್ಯಾಬಿಗೆ ಸೆಮಿಸ್ಟರ್ ಇಲ್ಲ, ಜನವರಿಯಲ್ಲೂ ತೆರೆದಿರುತ್ತದೆ, ಕ್ಯಾಲೆಂಡರ್ ತಂಟೆಯೇ ಹೋಯಿತು. ಮೂರನೇ ಸೆಮಿಸ್ಟರ್ ಶುರುವಾಗುವ ಮೊದಲೇ ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗಕ್ಕೆ ಹೋಗಿ ವಿನಿಮಯ ಒಪ್ಪಂದದ ಕೊನೆಯ ದಿನಾಂಕ, ಸಮಾನತಾ ಪಟ್ಟಿಯ ಪ್ರತಿ, ಇಂಗ್ಲಿಷಿಗೆ ಐಇಎಲ್‌ಟಿಎಸ್ ಬೇಕೋ ವಿಶ್ವವಿದ್ಯಾಲಯದ ಪತ್ರ ಸಾಕೋ ಎಂಬುದನ್ನು ಕೇಳಿ. ಹಳೆಯ ಪಾಲುದಾರರು ಎಷ್ಟೋ ಕಡೆ ಪತ್ರವನ್ನೇ ಒಪ್ಪುತ್ತಾರೆ. ಹೈದರಾಬಾದ್ ಹತ್ತಿರ ಅಂತ ಅಲ್ಲಿ ವೀಸಾ ಅಪಾಯಿಂಟ್‌ಮೆಂಟ್ ಹುಡುಕಬೇಡಿ. ಕರ್ನಾಟಕದವರು ಜರ್ಮನಿಯ ಬೆಂಗಳೂರು ದೂತಾವಾಸದ ವ್ಯಾಪ್ತಿಗೆ ಬರುತ್ತಾರೆ.

ಹೊರಡುವ ಮೊದಲು ಲರ್ನಿಂಗ್ ಅಗ್ರಿಮೆಂಟ್‌ಗೆ (ಅಲ್ಲಿ ಏನು ಓದುತ್ತೀರಿ ಎಂಬ ಪತ್ರ) ನಿಮ್ಮದು, ಇಲ್ಲಿನ ವಿಶ್ವವಿದ್ಯಾಲಯದ್ದು, ಅಲ್ಲಿನದು ಮೂರೂ ಸಹಿ ಬಿದ್ದಿರಬೇಕು. ಅಲ್ಲಿ ಹೋದ ಮೇಲೆ ವಿಷಯ ಬದಲಾದರೆ ಬದಲಾವಣೆಗೂ ಅವೇ ಮೂರು ಸಹಿ. ಮೇಲ್‌ನಲ್ಲಿ ಗೈಡ್ "ಆಯಿತು" ಅಂದದ್ದನ್ನು ಮೌಲ್ಯಮಾಪನ ವಿಭಾಗ ಲೆಕ್ಕಕ್ಕೆ ಹಿಡಿಯುವುದಿಲ್ಲ.